ಎಎನ್ಎ ಪಾಸಿಟಿವ್ ಬಂದಿದೆ, ಲೂಪಸ್ಸೇ ಅಂತಾನಾ?

ತಂಗಿಗೆ 24 ವರ್ಷ. ಎರಡು ತಿಂಗಳಿಂದ ಬೆರಳಿನ ಕೀಲುಗಳಲ್ಲಿ ನೋವು. ಬಿಸಿಲಿಗೆ ಹೋದರೆ ಕೆನ್ನೆ ಕೆಂಪಗಾಗುತ್ತದೆ. ಎಎನ್ಎ ಟೆಸ್ಟ್ 1:320 ಪಾಸಿಟಿವ್. ಡಿಎಸ್-ಡಿಎನ್ಎ, ಸಿ3, ಸಿ4 ಅಂತ ಇನ್ನೊಂದಿಷ್ಟು ಬರೆದುಕೊಟ್ಟಿದ್ದಾರೆ. ರುಮಟಾಲಜಿ (ಕೀಲು-ವಾತದ) ಡಾಕ್ಟರ್ ಸಿಗಲು ಇನ್ನೂ ಹತ್ತು ದಿನ. ಅಮ್ಮ ಆಗಲೇ ಅಳಲು ಶುರು ಮಾಡಿದ್ದಾರೆ. ಗೊತ್ತಿದ್ದವರು ಹೇಳಿ.

*

ನಾನು ಲ್ಯಾಬ್‌ನಲ್ಲಿ ಕೆಲಸ ಮಾಡುವವಳು. ಮೊದಲು ಅಮ್ಮನಿಗೆ ಹೇಳಿ: ಎಎನ್ಎ ಒಂದರಿಂದಲೇ ಲೂಪಸ್ ಅನ್ನಲು ಆಗುವುದಿಲ್ಲ. ಲೂಪಸ್ ಅಂದರೆ ದೇಹದ ರೋಗನಿರೋಧಕ ವ್ಯವಸ್ಥೆ ತನ್ನ ಮೇಲೇ ತಿರುಗಿ ಬೀಳುವ ಕಾಯಿಲೆ. ಎಎನ್ಎ ಅಂದರೆ ನಮ್ಮದೇ ಜೀವಕೋಶದ ಕೇಂದ್ರದ ಮೇಲೆ ದೇಹ ತಯಾರಿಸುವ ಆ್ಯಂಟಿಬಾಡಿ. ಲೂಪಸ್ ಇರುವ ಬಹುತೇಕ ಎಲ್ಲರಿಗೂ ಇದು ಪಾಸಿಟಿವ್, ನಿಜ. ಆದರೆ ಆರೋಗ್ಯವಾಗಿರುವ ನೂರು ಜನರಲ್ಲಿ ಸುಮಾರು ಐದು ಜನಕ್ಕೆ 1:160ರಲ್ಲೂ, ಅಂದರೆ ಸ್ಯಾಂಪಲ್ 160 ಪಟ್ಟು ತೆಳು ಮಾಡಿದರೂ, ಪಾಸಿಟಿವ್ ಬರುತ್ತದೆ. ಥೈರಾಯ್ಡ್ ತೊಂದರೆ ಇದ್ದವರಿಗೂ ಬರಬಹುದು. ಡಿಎಸ್-ಡಿಎನ್ಎ, ಆ್ಯಂಟಿ-ಎಸ್ಎಂ ಅನ್ನುವ ಆ್ಯಂಟಿಬಾಡಿಗಳು ಬಂದರೆ ಮಾತ್ರ ಲೂಪಸ್ ಕಡೆಗೆ ಬೆರಳು ಜಾಸ್ತಿ ತೋರಿಸುತ್ತವೆ. ಅಂದಹಾಗೆ, ಎಸ್ಎಂ ಅಂದರೆ ಸ್ಮಿತ್. ಅದು ಮೊದಲು ಸಿಕ್ಕಿದ ರೋಗಿಯ ಹೆಸರು. ರಿಪೋರ್ಟ್‌ನಲ್ಲಿ ಎಎಸ್ಎಂಎ ಅಂತ ಕಂಡರೆ ಅದು ಬೇರೆ, ಲಿವರ್ ಕಾಯಿಲೆಗೆ ನೋಡುವ ಟೆಸ್ಟ್. ಎಷ್ಟೋ ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ.

*

ನನಗೆ ಲೂಪಸ್ ಬಂದು 11 ವರ್ಷ. ನಾನು ಮಾಡಿದ ತಪ್ಪು ಹೇಳುತ್ತೇನೆ. ಮೊದಲ ವರ್ಷ ಸಿ3 48 ಬಂದಿತ್ತು. ಪಕ್ಕದಲ್ಲಿ ನಾರ್ಮಲ್ 90ರಿಂದ 180 ಅಂತ ಇತ್ತು. ಶುಗರ್, ಕೊಲೆಸ್ಟ್ರಾಲ್ ನೋಡಿ ಅಭ್ಯಾಸ ಅಲ್ವಾ, ಕಮ್ಮಿ ಇದ್ದರೆ ಒಳ್ಳೆಯದೇ ಅಂದುಕೊಂಡು ರಿಪೋರ್ಟ್ ಮಡಚಿ ಬ್ಯಾಗಿಗೆ ಹಾಕಿದೆ. ಮೂರು ವಾರಕ್ಕೆ ಕಾಲು ಊದಿತು. ಬೆರಳಲ್ಲಿ ಒತ್ತಿದರೆ ಗುಳಿ ಹಾಗೇ ನಿಲ್ಲುತ್ತಿತ್ತು.

ಆಮೇಲೆ ಡಾಕ್ಟರ್ ಬಿಡಿಸಿ ಹೇಳಿದರು. ನಮ್ಮ ದೇಹ ನಮ್ಮದೇ ಡಿಎನ್ಎ ಮೇಲೆ ಆ್ಯಂಟಿಬಾಡಿ ತಯಾರಿಸುತ್ತದೆ. ಅವೆರಡೂ ಅಂಟಿಕೊಂಡು ಗಂಟಾಗಿ ಕಿಡ್ನಿಯ ಸೋಸುವ ಜಾಗದಲ್ಲಿ ಕೂರುತ್ತವೆ. ಅದನ್ನು ಕಂಡು ಸಿ3, ಸಿ4 ಅನ್ನುವ ಪ್ರೋಟೀನುಗಳು ಅಲ್ಲಿಗೆ ನುಗ್ಗಿ ಖರ್ಚಾಗುತ್ತವೆ. ನಾನು ಅದನ್ನು ಮದುವೆ ಮನೆ ಉಗ್ರಾಣ ಅಂತ ನೆನಪಿಟ್ಟುಕೊಂಡಿದ್ದೇನೆ. ಉಗ್ರಾಣ ಖಾಲಿಯಾಗುತ್ತಿದೆ ಅಂದರೆ ಒಳಗೆ ಪಂಕ್ತಿ ಜೋರಾಗಿ ನಡೀತಿದೆ ಅಂತ.

ಹಾಗಾಗಿ ಎಎನ್ಎ ಪದೇ ಪದೇ ಮಾಡಿಸಬೇಡಿ, ಸುಮ್ನೆ ದುಡ್ಡು ದಂಡ. ಕಾಯಿಲೆ ಇದೆ ಅಂತಾದರೆ ಗಮನ ಇಡಬೇಕಾದದ್ದು ಡಿಎಸ್-ಡಿಎನ್ಎ ಏರುತ್ತಿದೆಯಾ, ಸಿ3 ಸಿ4 ಇಳಿಯುತ್ತಿವೆಯಾ, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯಾ. ಕೆಲವರಿಗೆ ನಂಬರ್ ಕೆಟ್ಟದಾಗಿದ್ದರೂ ಮೈ ಚೆನ್ನಾಗೇ ಇರುತ್ತದೆ. ಅದಕ್ಕೇ ರಿಪೋರ್ಟ್ ನೋಡಿ ನೀವೇ ಸ್ಟಿರಾಯ್ಡ್ ಹೆಚ್ಚು ಕಮ್ಮಿ ಮಾಡಬೇಡಿ. ಹೈಡ್ರಾಕ್ಸಿಕ್ಲೋರೋಕ್ವಿನ್ ಕೊಟ್ಟರೆ "ಮಲೇರಿಯಾ ಮಾತ್ರೆ ನಮಗ್ಯಾಕೆ" ಅಂತ ಬಿಡಬೇಡಿ, ನಾನು ಇವತ್ತಿಗೂ ನುಂಗುತ್ತಿದ್ದೇನೆ. ಕಣ್ಣಿನ ಪರೀಕ್ಷೆ ಮಾತ್ರ ತಪ್ಪಿಸುವ ಹಾಗಿಲ್ಲ.

*

ಲೂಪಸ್ ಅಂತ ಖಚಿತವಾದರೆ ಆ್ಯಂಟಿಫಾಸ್ಫೋಲಿಪಿಡ್ ಆ್ಯಂಟಿಬಾಡಿ ಬಗ್ಗೆಯೂ ಕೇಳಿ. ನನಗೆ ಎರಡು ಗರ್ಭ ನಿಲ್ಲಲಿಲ್ಲ, ಆಮೇಲೆ ಗೊತ್ತಾಯಿತು. ರಕ್ತ ಹೆಪ್ಪುಗಟ್ಟಿಸುವ ಜಾತಿ ಇದು. ಒಂದು ಸಲ ಪಾಸಿಟಿವ್ ಬಂದರೆ ಸಾಲದು, 12 ವಾರ ಬಿಟ್ಟು ಮತ್ತೆ ಮಾಡಿಸಬೇಕು. ಮೂರನೇ ಸಲ ಆಸ್ಪಿರಿನ್, ಹೆಪಾರಿನ್ ಇಂಜೆಕ್ಷನ್ ಮೇಲೆ ಮಗಳು ಹುಟ್ಟಿದಳು. ಈಗ ಯುಕೆಜಿ.

*

ಮೂತ್ರದಲ್ಲಿ ನೊರೆ ನಿಲ್ಲುತ್ತದೆಯಾ ಅಂತ ತಂಗಿಯನ್ನು ಕೇಳಿ. ಪ್ರೋಟೀನ್ ಹೋಗುತ್ತಿದ್ದರೆ ಹಾಗಾಗಬಹುದು. ಹೌದು ಅಂದರೆ ಹತ್ತು ದಿನ ಕಾಯಬೇಡಿ.

*

ಪ್ರಶ್ನೆ ಕೇಳಿದವನು ನಾನೇ. ರಿಪೋರ್ಟ್ ಬಂತು. ಡಿಎಸ್-ಡಿಎನ್ಎ ಪಾಸಿಟಿವ್, ಸಿ3 61. ನೊರೆ ಬಗ್ಗೆ ಕೇಳಿದೆ. ಒಂದು ವಾರದಿಂದ ಇದೆಯಂತೆ, ನಾಚಿಕೆಗೆ ಹೇಳಿರಲಿಲ್ಲ. ಕ್ಲಿನಿಕ್ಕಿಗೆ ಫೋನ್ ಮಾಡಿ ಮೂರನ್ನೂ ಹೇಳಿದ್ದಕ್ಕೆ ನಾಳೆ ಬೆಳಿಗ್ಗೆಯೇ ಬನ್ನಿ ಅಂದರು.