ಹತ್ತು ಚಕ್ರದ ಗಾಡಿಗೆ ಎರಡನೇ ಡೀಸೆಲ್ ಟ್ಯಾಂಕ್ ಹಾಕಿಸಬಹುದಾ?

ಹಾಸನ ಲೋಡ್:
ನಮ್ಮದು 2018ರ ಹತ್ತು ಚಕ್ರದ ಗಾಡಿ, ಬಿಎಸ್4, ಕಾಮನ್ ರೈಲ್ ಇಂಜಿನ್. ಹಾಸನದಲ್ಲಿ ಲೋಡ್ ಮಾಡಿ, ಶಿರಾಡಿ ಇಳಿದು, ಮಂಗಳೂರು ಮೇಲೆ ಕೊಚ್ಚಿಗೆ ಹೋಗ್ತೀವಿ. ತಿಂಗಳಿಗೆ ಆರು ಟ್ರಿಪ್. ಕೇರಳದಲ್ಲಿ ಡೀಸೆಲ್ ನಮಗಿಂತ ಲೀಟರಿಗೆ ಸುಮಾರು ನಾಲ್ಕು ರೂಪಾಯಿ ಜಾಸ್ತಿ, ಹಾಗಾಗಿ ತಲಪಾಡಿ ಗಡಿ ದಾಟೋ ಮುಂಚೆ ಫುಲ್ ಮಾಡಿಸ್ತೀವಿ. ಟ್ಯಾಂಕ್ 220 ಲೀಟರ್. ಆದರೂ ವಾಪಸ್ ಬರುವಾಗ ಕೇರಳದ ಪಯ್ಯನ್ನೂರು ಹತ್ತಿರ ಮುಳ್ಳು ಕೆಂಪಿಗೆ ಬೀಳುತ್ತೆ, ಡ್ರೈವರ್ ಹೆದರಿ ಅಲ್ಲೇ 50-60 ಲೀಟರ್ ಹಾಕಿಸ್ತಾನೆ. ಗುಜರಿಯಲ್ಲಿ 200 ಲೀಟರಿನ ಟ್ಯಾಂಕ್ ಒಂದು ಸಿಕ್ಕಿದೆ, ಎಲ್ಲಾ ಸೇರಿ 35 ಸಾವಿರಕ್ಕೆ ಕೂರಿಸಿ ಕೊಡ್ತೀನಿ ಅಂತಾರೆ. ಯಾರಾದರೂ ಹಾಕಿಸಿದ್ದೀರಾ?

ಡೀಸೆಲ್ ಮೇಸ್ತ್ರಿ:
ಅಣ್ಣ, ಟ್ಯಾಂಕ್ ಕೂರಿಸೋದು ಅರ್ಧ ದಿನದ ಕೆಲಸ. ಎಲ್ಲರೂ ಎಡವೋದು ರಿಟರ್ನ್ ಪೈಪಿನಲ್ಲಿ. ಇಂಜಿನ್ ಉರಿಸೋದಕ್ಕಿಂತ ಜಾಸ್ತಿ ಡೀಸೆಲ್ಲನ್ನು ಪಂಪ್ ಎಳೆಯುತ್ತೆ, ಮಿಕ್ಕಿದ್ದು ಬಿಸಿಯಾಗಿ ಟ್ಯಾಂಕಿಗೇ ವಾಪಸ್ ಬರುತ್ತೆ. ನೀವು ಹೊಸ ಟ್ಯಾಂಕಿನಿಂದ ಎಳೆಯೋ ಹಾಗೆ ಮಾಡಿ ರಿಟರ್ನನ್ನು ಹಳೇದಕ್ಕೇ ಬಿಟ್ಟರೆ, ಒಂದು ಖಾಲಿ ಆಗ್ತಾ ಇನ್ನೊಂದು ತುಂಬಿ ಮುಚ್ಚಳದಲ್ಲಿ ಸುರಿಯುತ್ತೆ. ಹೋದ ವರ್ಷ ಒಂದು ಗಾಡಿ ಬಂದಿತ್ತು, ಟ್ಯಾಂಕಿನ ಪಕ್ಕದ ಟಯರೆಲ್ಲ ಡೀಸೆಲ್ಲಿನಲ್ಲಿ ನೆಂದು ಮಿರಿಮಿರಿ ಅಂತಿತ್ತು, ಓನರ್ ಮಾತ್ರ ಡ್ರೈವರ್ ಕದೀತಾನೆ ಅಂತ ಬೈತಾ ಇದ್ದ! ಎಳೆಯೋ ಪೈಪು, ರಿಟರ್ನ್ ಪೈಪು ಎರಡನ್ನೂ ಒಟ್ಟಿಗೆ ಬದಲಿಸೋ ವಾಲ್ವ್ ಬೇಕು.

ಇನ್ನು ಗುಜರಿ ಟ್ಯಾಂಕ್. ಒಳಗೆ ತುಕ್ಕು ಇದ್ದರೆ ಫಿಲ್ಟರ್ ಕಟ್ಟಿಕೊಳ್ಳುತ್ತೆ, ದಾಟಿ ಹೋದರೆ ಇಂಜಿನ್ನಿಗೆ ಡೀಸೆಲ್ ಚಿಮ್ಮಿಸೋ ಇಂಜೆಕ್ಟರ್ ಗೋವಿಂದ. ಜಿಐ (ಸತು ಲೇಪಿಸಿದ) ಶೀಟಿನದ್ದಾದರೆ ಮುಟ್ಟಲೇಬೇಡಿ, ಸತು ಡೀಸೆಲ್ಲಿನಲ್ಲಿ ಸೇರಿ ಇಂಜೆಕ್ಟರಿನಲ್ಲಿ ಕೂರುತ್ತೆ. ಮತ್ತೆ ಖಾಲಿ ಇದೆ ಅಂತ ಹಳೇ ಟ್ಯಾಂಕಿಗೆ ನೇರ ವೆಲ್ಡಿಂಗ್ ಮಾಡೋರ ಹತ್ತಿರ ನಿಲ್ಲಲೂ ಬೇಡಿ. ಡೀಸೆಲ್ಲಿಗಿಂತ ಒಳಗೆ ಉಳಿದ ಆವಿಯೇ ಸಿಡಿಯೋದು.

ಘಾಟಿ ಡ್ರೈವರ್:
ನಾನು ಓಡಿಸ್ತಿದ್ದ ಗಾಡಿಯಲ್ಲಿ ವಾಲ್ವ್ ಇರಲಿಲ್ಲ. ಎರಡೂ ಟ್ಯಾಂಕಿನ ತಳಕ್ಕೆ ಒಂದೇ ಪೈಪ್ ಕೊಟ್ಟಿದ್ದರು, ಎರಡರಲ್ಲೂ ಮಟ್ಟ ಸಮ ಇರಲಿ ಅಂತ. ಸುಲಭ, ನಿಜ. ಆದರೆ ಗಾಡಿ ಒಂದು ಕಡೆ ವಾಲಿ ನಿಂತರೆ ಡೀಸೆಲ್ಲೆಲ್ಲ ಆ ಕಡೆಗೇ ಹೋಗುತ್ತೆ. ಪೈಪು ಚಾಸಿಸ್ ಕೆಳಗೆ ಜೋತು ಬಿದ್ದಿತ್ತು. ಹೆದ್ದಾರಿ ಕೆಲಸ ನಡೀತಿದ್ದ ಕಡೆ ಕಲ್ಲು ಎದ್ದು ಪೈಪು ಕಿತ್ತು, ನಾನು ಇಳಿದು ನೋಡೋ ಹೊತ್ತಿಗೆ ಎರಡೂ ಟ್ಯಾಂಕಿನ ಡೀಸೆಲ್ ರಸ್ತೆ ಮೇಲೆ. ಎರಡು ತುದಿಗೂ ಒಂದೊಂದು ಕಾಕ್ (ಮುಚ್ಚೋ ನಲ್ಲಿ) ಇದ್ದಿದ್ದರೆ ಒಂದಾದರೂ ಉಳೀತಿತ್ತು.

ಲೆಕ್ಕದ ಪುಸ್ತಕ:
ಮೊದಲು ಕಾನೂನು. ಮೋಟಾರು ವಾಹನ ಕಾಯ್ದೆ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕಿಂತ ಬೇರೆಯಾಗೋ ಹಾಗೆ ಗಾಡಿ ಬದಲಾಯಿಸೋ ಹಾಗಿಲ್ಲ. 2019ರ ತಿದ್ದುಪಡಿ ಆದ ಮೇಲೆ 182ಎ ಅಡಿ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು. ಎಫ್‌ಸಿಗೆ (ಫಿಟ್ನೆಸ್ ಪರೀಕ್ಷೆಗೆ) ಹೋದಾಗ ಬಿಚ್ಚಿಟ್ಟು ಹೋಗ್ತೀನಿ ಅನ್ನಬೇಡಿ, ಬೆಂಕಿ ಬಿದ್ದರೆ ಇನ್ಶೂರೆನ್ಸ್‌ನವರು ಮೊದಲು ನೋಡೋದೇ ಇದನ್ನ.

ಅದು ಬಿಡಿ, ದುಡ್ಡಿನ ಲೆಕ್ಕ ಹಾಕಿದ್ದೀರಾ? 60 ಲೀಟರಿಗೆ ನಾಲ್ಕು ರೂಪಾಯಿ ಅಂದರೆ ಟ್ರಿಪ್ಪಿಗೆ 240. ಆರು ಟ್ರಿಪ್ಪಿಗೆ 1,440. ನಿಮ್ಮ 35 ಸಾವಿರ ವಾಪಸ್ ಬರೋಕೆ ಎರಡು ವರ್ಷ. 200 ಲೀಟರ್ ಡೀಸೆಲ್ಲೇ 165 ಕಿಲೋ ಹತ್ತಿರ ತೂಗುತ್ತೆ, ಟ್ಯಾಂಕ್ ಬೇರೆ. ಅಷ್ಟು ಮಾಲು ಕಮ್ಮಿ ಹಾಕಬೇಕು.

ಇನ್ನೊಂದು. ಗಾಡಿ ಲೀಟರಿಗೆ ನಾಲ್ಕು ಕಿಲೋಮೀಟರ್ ಕೊಡುತ್ತೆ ಅಂದುಕೊಳ್ಳಿ. ತಲಪಾಡಿಯಿಂದ ಕೊಚ್ಚಿಗೆ ಹೋಗಿ ಬರೋಕೆ 800 ಚಿಲ್ಲರೆ ಕಿಲೋಮೀಟರ್, 205 ಲೀಟರ್ ಸಾಕಲ್ವಾ? ಪಯ್ಯನ್ನೂರಿನಲ್ಲಿ ಇನ್ನೂ 35 ಲೀಟರ್ ಇರಬೇಕು. ಬಿಲ್ ತೆಗೆದು ನೋಡಿ.

ಹಾಸನ ಲೋಡ್:
ಸರ್, ಮೂರು ಟ್ರಿಪ್ಪಿನ ಬಿಲ್ ಇಟ್ಟುಕೊಂಡು ಕೂತೆ. ಪಯ್ಯನ್ನೂರಿನಲ್ಲಿ 55, ಆಮೇಲೆ ತಲಪಾಡಿಗೆ ಬಂದು ಫುಲ್ ಮಾಡಿಸಿದಾಗ 148. ಒಟ್ಟು 203. ಇನ್ನೆರಡೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ಏನೂ ಹಾಕಿಸದಿದ್ದರೂ 17 ಲೀಟರ್ ಉಳಿದು ಗಡಿಗೆ ಬರ್ತಿತ್ತು. ಮುಳ್ಳು ಸುಳ್ಳು ಹೇಳ್ತಿದೆಯಾ?

ಡೀಸೆಲ್ ಮೇಸ್ತ್ರಿ:
ಪಯ್ಯನ್ನೂರಿಗೇ ಕೆಂಪು ಅಂದರೆ ಟ್ಯಾಂಕಿನೊಳಗೆ ಮಟ್ಟ ಅಳೆಯೋ ಫ್ಲೋಟ್ ಕೆಟ್ಟಿರಬೇಕು, ಬಿಚ್ಚಿ ನೋಡಿಸಿ. ಆದರೆ 17 ಲೀಟರ್ ನಂಬಿಕೊಂಡು ಬರಬೇಡಿ. ದಾರಿಯಲ್ಲಿ ಜಾಮ್ ಆದರೆ, ಉಬ್ಬಿನಲ್ಲಿ ಡೀಸೆಲ್ ಒಂದು ಕಡೆ ಸರಿದರೆ ಗಾಳಿ ಎಳೆಯುತ್ತೆ, ಆಮೇಲೆ ಆ ಗಾಳಿ ತೆಗೆಯೋಕೆ ರಾತ್ರಿ ರಸ್ತೆ ಬದಿ ಹ್ಯಾಂಡ್ ಪಂಪ್ ಹೊಡೀತಾ ಕೂರಬೇಕು. ಪಯ್ಯನ್ನೂರಿನಲ್ಲಿ 20 ಲೀಟರ್ ಹಾಕಿಸಿ, ಜಾಸ್ತಿ ಹೋಗೋದು 80 ರೂಪಾಯಿ.

ಹಾಸನ ಲೋಡ್:
ಸರಿ ಅಣ್ಣ, ಫ್ಲೋಟ್ ನೋಡಿಸ್ತೀನಿ. ಗುಜರಿಯವನಿಗೆ ಎರಡು ಸಾವಿರ ಅಡ್ವಾನ್ಸ್ ಕೊಟ್ಟಾಗಿದೆ, ಅದನ್ನ ಹೇಗೆ ವಾಪಸ್ ತಗೊಳ್ಳೋದು ಅಂತ ಯಾರಾದರೂ ಹೇಳಿ.