ಬಾಸ್ ಯಾರು, ಲೀಡರ್ ಯಾರು?

ಹೆಬ್ಬಾಳದ ಹೈದ: ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕೆಲಸ ಮಾಡುತ್ತೇನೆ. ಮೊನ್ನೆ ನೈಟ್ ಶಿಫ್ಟಲ್ಲಿ ಪ್ರೆಸ್ ಮೆಷಿನ್ ಕೆಟ್ಟು ನಿಂತಿತು. ಹೊಸ ಸೂಪರ್‌ವೈಸರ್ ಫೋಟೊ ಹೊಡೆದು ವಾಟ್ಸಾಪ್ ಗ್ರೂಪಿಗೆ ಹಾಕಿ, ‘ಯಾರ ತಪ್ಪು?’ ಅಂತ ಕೇಳಿದರು. ಹೋದ ವರ್ಷ ರಿಟೈರ್ ಆದವರು ಇದ್ದಿದ್ದರೆ ಅಂಗಿ ತೋಳು ಮಡಿಸಿ, ಟಾರ್ಚ್ ಹಿಡಿದು ನಮ್ಮ ಜೊತೆ ನೆಲದ ಮೇಲೆ ಕೂರುತ್ತಿದ್ದರು. ಇವರು ಬಾಸ್, ಅವರು ಲೀಡರ್. ವಿಶ್ವೇಶ್ವರಯ್ಯನವರೂ ಹಾಗೇ ಮುಂದೆ ನಿಂತು ಕನ್ನಂಬಾಡಿ ಕಟ್ಟಿಸಿದರು, ಅಲ್ವಾ?

ಕೂರ್ಗಳ್ಳಿ ಮ್ಯಾನೇಜರ್: ‘ನೆಲದ ಮೇಲೆ ಕೂರುತ್ತಿದ್ದರು’! ಹತ್ತು ಮೆಷಿನ್ ನೋಡುವವನು ಒಂದರ ಮುಂದೆ ಕೂತರೆ ಮಿಕ್ಕ ಒಂಬತ್ತು?

ಪಾಂಡವಪುರದವ: ಕನ್ನಂಬಾಡಿ ಕಟ್ಟಿಸಿದವರು ನಾಲ್ವಡಿ ಕೃಷ್ಣರಾಜ ಒಡೆಯರು. ಇಂಜಿನಿಯರು ಸಂಬಳಕ್ಕೆ ದುಡಿದರು, ಅಷ್ಟೇ.

ನಿವೃತ್ತ ಇಂಜಿನಿಯರ್: ‘ಸಂಬಳಕ್ಕೆ’ ಅಂತೀರಾ? 1909ರಲ್ಲಿ ಚೀಫ್ ಇಂಜಿನಿಯರ್ ಆಗಿ ಬಂದರು. 1911ರಲ್ಲಿ ಕೆಲಸ ಶುರು ಮಾಡಿಸಿದರು. ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸಿದ ಸುರ್ಕಿ ಗಾರೆಯಲ್ಲಿ ಎದ್ದ ಕಟ್ಟೆ ಅದು, ಇವತ್ತಿಗೂ ನಿಂತಿದೆ.

ಪಾಂಡವಪುರದವ: ‘ಶುರು ಮಾಡಿಸಿದರು’, ನೀವೇ ಹೇಳಿದಿರಿ. 1918ರಲ್ಲಿ ದಿವಾನಗಿರಿ ಬಿಟ್ಟು ಹೋದರು. ಕಟ್ಟೆ ಮುಗಿಯುವ ಹೊತ್ತಿಗೆ ದಿವಾನರು ಮಿರ್ಜಾ ಇಸ್ಮಾಯಿಲ್. ಮೊದಲಿಂದ ಕೊನೆ ತನಕ ಇದ್ದವರು ಮಹಾರಾಜರು.

ನಿವೃತ್ತ ಇಂಜಿನಿಯರ್: ‘ಬಿಟ್ಟು ಹೋದರು’ ಅಂತ ಹಗುರವಾಗಿ ಮಾತಾಡಬೇಡಿ. ಒಪ್ಪದ ವಿಷಯಕ್ಕೆ ಕುರ್ಚಿಯನ್ನೇ ಬಿಟ್ಟರು. ಲೀಡರ್ ಅಂದರೆ ಅದು.

ಪಾಂಡವಪುರದವ: ಯಾವ ವಿಷಯ? ಅದನ್ನೂ ಹೇಳಿ! ಬ್ರಾಹ್ಮಣೇತರರಿಗೆ ಸರ್ಕಾರಿ ಕೆಲಸದಲ್ಲಿ ಪಾಲು ಸಿಗಲಿ ಅಂತ ಮಹಾರಾಜರು ಮಿಲ್ಲರ್ ಸಮಿತಿ ಮಾಡಿದರು. ಅದು ಇವರಿಗೆ ಒಪ್ಪಿಗೆಯಾಗಲಿಲ್ಲ. ನಮ್ಮಂಥವರು ಕಚೇರಿ ಹೊಸ್ತಿಲು ದಾಟಿದ್ದು ಮಹಾರಾಜರಿಂದ.

ಮದ್ದೂರು ಸೊಸೆ: ಕುರ್ಚಿ, ಹೊಸ್ತಿಲು ಅಂತ ಎಷ್ಟು ಹೊತ್ತು ಜಗಳ ಆಡ್ತೀರಿ? ಹಳೇ ಕನ್ನಂಬಾಡಿ ಊರೇ ನೀರಲ್ಲಿ ಮುಳುಗಿತು. ಆ ಜನರ ಹೆಸರು ಯಾರೂ ಎತ್ತಲ್ಲ.

ನಿವೃತ್ತ ಇಂಜಿನಿಯರ್: ‘ಮುಳುಗಿತು’ ಅಂತ ಅಷ್ಟೇ ಹೇಳಬೇಡಿ ತಾಯಿ. ನಿಮ್ಮೂರ ಕಡೆ ಕಬ್ಬಿಗೆ ಹರಿಯೋದು ಅದೇ ನೀರು. 1933ರಲ್ಲಿ ಮಂಡ್ಯಕ್ಕೆ ಸಕ್ಕರೆ ಕಾರ್ಖಾನೆ ಬಂದಿದ್ದೂ ಅದರಿಂದಲೇ.

ಪಾಂಡವಪುರದವ: 1933 ಅಂದರೆ ನಾಲ್ವಡಿಯವರ ಕಾಲ!

ಹೆಬ್ಬಾಳದ ಹೈದ: ಅಣ್ಣಂದಿರಾ, ನನಗೆ ನಾಳೆ ಬೆಳಗ್ಗೆ ವಿವರಣೆ ಬರೆದುಕೊಡಿ ಅಂದಿದ್ದಾರೆ. ಕೆಲಸಕ್ಕೆ ಸೇರಿ ಮೂರು ವಾರ ಆದ ಹುಡುಗನ ಹೆಸರು ಹಾಕಬೇಕಂತೆ. ನಾನು ಹಾಕಲ್ಲ.

ಪಾಂಡವಪುರದವ: ಹಾಕಬೇಡಿ ತಮ್ಮಾ. ಆದರೆ ಮೇಲೆ ‘ವಿಶ್ವೇಶ್ವರಯ್ಯನವರು ಕಟ್ಟಿಸಿದರು’ ಅಂತ ಇದೆಯಲ್ಲ, ಅದನ್ನು ತಿದ್ದಿ.