ಪೆಡಲ್‌ನಲ್ಲಿ ಸ್ಟೀರಿಯೋ ಚೆನ್ನಾಗಿ ಕೇಳಿಸುತ್ತದೆ, ರೆಕಾರ್ಡ್ ಮಾಡಿದರೆ ಗಿಟಾರೇ ಮಾಯ. ಯಾಕೆ?

ಡೊಂಬಿವಲಿ_ಆರುತಂತಿ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಡೊಂಬಿವಲಿ ಪೂರ್ವದಲ್ಲಿ, ರೈಲು ಹಳಿಯ ಪಕ್ಕದಲ್ಲೇ. ಫಾಸ್ಟ್ ಲೋಕಲ್ ಹೋದಾಗಲೆಲ್ಲ ಕಿಟಕಿ ಗಾಜು ನಡುಗುತ್ತದೆ. ಆಂಪ್ ಮುಂದೆ ಮೈಕ್ ಇಟ್ಟು ರೆಕಾರ್ಡ್ ಮಾಡುವುದು ಇಲ್ಲಿ ಆಗದ ಮಾತು. ಹಾಗಾಗಿ ಗಿಟಾರನ್ನು ನೇರವಾಗಿ ಇಂಟರ್‌ಫೇಸ್‌ಗೇ (ಸದ್ದನ್ನು ಲ್ಯಾಪ್‌ಟಾಪ್‌ಗೆ ಒಯ್ಯುವ ಪೆಟ್ಟಿಗೆ) ಕೊಡಬೇಕು.

ನನ್ನ ಹತ್ತಿರ ಇರುವುದು ಸ್ಕ್ವಯರ್ ಸ್ಟ್ರಾಟ್ ಗಿಟಾರ್, ಒಂದು ಪುಟ್ಟ ಮಲ್ಟಿ ಎಫೆಕ್ಟ್ಸ್ ಪೆಡಲ್, ಫೋಕಸ್‌ರೈಟ್ ಸ್ಕಾರ್ಲೆಟ್ 2ಐ2 ಮೂರನೇ ಜನರೇಶನ್ ಇಂಟರ್‌ಫೇಸ್, ಲ್ಯಾಪ್‌ಟಾಪ್‌ನಲ್ಲಿ ರೀಪರ್ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್. ಪೆಡಲ್‌ಗೆ ಔಟ್‌ಪುಟ್ ಜ್ಯಾಕ್ ಒಂದೇ, ಪಕ್ಕದಲ್ಲಿ ಹೆಡ್‌ಫೋನ್ ಚಿತ್ರ ಇದೆ. ಕ್ಲೀನ್ ಆಂಪ್, ಸ್ಟೀರಿಯೋ ಕೋರಸ್ (ಸ್ವರವನ್ನು ಸಣ್ಣಗೆ ಅಲುಗಿಸುವುದು), ಪಿಂಗ್ ಪಾಂಗ್ ಡಿಲೇ (ಎಡಬಲಕ್ಕೆ ಪುಟಿಯುವ ಮರುದನಿ), ಸ್ವಲ್ಪ ಹಾಲ್ ರಿವರ್ಬ್ (ದೊಡ್ಡ ಕೋಣೆಯ ಗುಂಗು) ಹಾಕಿ ಒಂದು ಪ್ಯಾಚ್ ಮಾಡಿಕೊಂಡಿದ್ದೇನೆ. ಪೆಡಲ್‌ಗೆ ಹೆಡ್‌ಫೋನ್ ಚುಚ್ಚಿ ಕೇಳಿದರೆ ನಾದ ಎರಡೂ ಕಡೆ ಹರಡಿ ನಿಲ್ಲುತ್ತದೆ. ರೆಕಾರ್ಡಿಂಗ್‌ನಲ್ಲಿ ನನಗೆ ಅದೇ ಬೇಕು.

ಅಂಗಡಿಯಲ್ಲಿ ಸ್ಟೀರಿಯೋ ಕೇಬಲ್ ಕೇಳಿದೆ. ಎರಡೂ ತುದಿಯ ಪಿನ್‌ನಲ್ಲಿ ಎರಡೆರಡು ಕಪ್ಪು ಗೆರೆ ಇರುವ ಕೇಬಲ್ ಕೊಟ್ಟರು. ಪೆಡಲ್‌ನಿಂದ ಇಂಟರ್‌ಫೇಸ್‌ನ ಇನ್‌ಪುಟ್ 1ಕ್ಕೆ ಹಾಕಿದರೆ ವಿಚಿತ್ರ ಆಗುತ್ತಿದೆ. ನಾನು ಮೀಟಿದ ಸ್ವರ ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಡಿಲೇ, ರಿವರ್ಬ್, ಕೋರಸ್‌ನ ಅಲುಗಾಟ ಮಾತ್ರ ದೂರದಿಂದ ಕೇಳಿಸುತ್ತದೆ. ಮಾಮೂಲಿ ಗಿಟಾರ್ ಕೇಬಲ್ ಹಾಕಿದರೆ ಸ್ವರ ವಾಪಸ್ ಬರುತ್ತದೆ, ಆದರೆ ಹರವು ಹೋಗುತ್ತದೆ.

ನವೆಂಬರ್‌ನಲ್ಲಿ ಇಲ್ಲಿನ ಸಂಘದ ರಾಜ್ಯೋತ್ಸವ ಇದೆ. ತಂಗಿ ದಾಸರ ಪದ ಹಾಡುತ್ತಾಳೆ, ನನ್ನ ಗಿಟಾರ್ ಟ್ರ್ಯಾಕ್ ಹಾಲ್‌ನ ಸ್ಪೀಕರ್‌ನಲ್ಲಿ ಹಿಂದೆ ಬರಬೇಕು. ಕೇಬಲ್ ಬದಲಿಸಬೇಕಾ, ಸೆಟ್ಟಿಂಗ್ ಬದಲಿಸಬೇಕಾ? ಇನ್‌ಸ್ಟ್ರುಮೆಂಟ್ ಬಟನ್ ಆನ್ ಇರಬೇಕಾ, ಆಫ್ ಇರಬೇಕಾ? ತಿಳಿದವರು ಹೇಳಿ.

ಪುಣೆ_ಬೇಸ್

ನೀವು ಸುಮ್ನೆ ಕಷ್ಟಪಡುತ್ತಿದ್ದೀರಿ ಅನಿಸುತ್ತದೆ. ಗಿಟಾರನ್ನು ನೇರ ಇನ್‌ಪುಟ್ 1ಕ್ಕೆ ಹಾಕಿ, ಇನ್‌ಸ್ಟ್ರುಮೆಂಟ್ ಬಟನ್ ಆನ್ ಮಾಡಿ, ಎಫೆಕ್ಟ್ ಇಲ್ಲದೆ ರೆಕಾರ್ಡ್ ಮಾಡಿ. ಕೋರಸ್, ಡಿಲೇ ಎಲ್ಲ ಆಮೇಲೆ ಪ್ಲಗಿನ್‌ನಲ್ಲಿ (ರೀಪರ್ ಒಳಗೆ ಹಾಕುವ ಎಫೆಕ್ಟ್ ಸಾಫ್ಟ್‌ವೇರ್) ಹಾಕಿಕೊಳ್ಳಬಹುದು. ಇಷ್ಟವಾಗದಿದ್ದರೆ ಬದಲಿಸಲೂಬಹುದು. ನಾನು ಕೊಥ್ರುಡ್‌ನ ಮನೆಯಲ್ಲಿ ಎಲ್ಲವನ್ನೂ ಹೀಗೇ ಮಾಡುವುದು. ಹರವು ಸಾಲದಿದ್ದರೆ ಟ್ರ್ಯಾಕ್ ಕಾಪಿ ಮಾಡಿ, ಒಂದನ್ನು ಎಡಕ್ಕೆ, ಇನ್ನೊಂದನ್ನು 15 ಮಿಲಿಸೆಕೆಂಡ್ ತಡಮಾಡಿ ಬಲಕ್ಕೆ ಹಾಕಿ. ತುಂಬಾ ಅಗಲವಾಗಿ ಕೇಳಿಸುತ್ತದೆ.

ಮಾಟುಂಗಾ_ತಂತಿ

ಡೊಂಬಿವಲಿಯವರೇ, ನಿಮ್ಮ ಪೆಡಲ್ ಸರಿಯಾಗಿದೆ, ಇಂಟರ್‌ಫೇಸೂ ಸರಿಯಾಗಿದೆ. ಅವೆರಡರ ನಡುವಿನ ಕೇಬಲ್ ಮಾತ್ರ ಈ ಕೆಲಸದ್ದಲ್ಲ. ಇದನ್ನು ಒಮ್ಮೆ ಸರಿಯಾಗಿ ತಿಳಿದುಕೊಂಡರೆ ಮುಂದೆ ಯಾವ ಸ್ಟೀರಿಯೋ ಸಾಮಾನು ಬಂದರೂ ಗೊಂದಲ ಆಗುವುದಿಲ್ಲ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಎರಡು ಕಪ್ಪು ಗೆರೆಯ ಪಿನ್‌ನಲ್ಲಿ ಮೂರು ಭಾಗ ಇವೆ: ತುದಿ, ನಡುವಿನ ಉಂಗುರ, ಬುಡ. ನಿಮ್ಮ ಪೆಡಲ್ ತುದಿಯಲ್ಲಿ ಎಡ ಬದಿಯನ್ನು, ಉಂಗುರದಲ್ಲಿ ಬಲ ಬದಿಯನ್ನು ಕಳಿಸುತ್ತದೆ. ಬುಡ ಗ್ರೌಂಡ್. ಆದರೆ 2ಐ2ರ ಲೈನ್ ಇನ್‌ಪುಟ್ ಅದೇ ಮೂರು ಭಾಗವನ್ನು ಬೇರೆ ಅರ್ಥದಲ್ಲಿ ಓದುತ್ತದೆ. ಅದು ಬ್ಯಾಲೆನ್ಸ್ಡ್ ಇನ್‌ಪುಟ್. ತುದಿಯಲ್ಲಿ ಬಂದದ್ದರಿಂದ ಉಂಗುರದಲ್ಲಿ ಬಂದದ್ದನ್ನು ಕಳೆಯುವುದೇ ಅದರ ಕೆಲಸ. ಉದ್ದದ ಮೈಕ್ ಕೇಬಲ್ ದಾರಿಯಲ್ಲಿ ಹಿಡಿದ ಗುಂಯ್ ಸದ್ದು ಎರಡೂ ತಂತಿಯಲ್ಲಿ ಒಂದೇ ಥರ ಇರುತ್ತದೆ, ಕಳೆದಾಗ ಅದು ಹೋಗುತ್ತದೆ. ಆ ಏರ್ಪಾಡು ಇರುವುದೇ ಅದಕ್ಕೆ. ನಿಮ್ಮ ವಿಷಯದಲ್ಲಿ ಎಡದಲ್ಲೂ ಬಲದಲ್ಲೂ ಒಂದೇ ಥರ ಇರುವುದು ಯಾವುದು? ನೀವು ಮೀಟಿದ ಸ್ವರ. ಎಡದಿಂದ ಬಲ ಕಳೆದರೆ ಅದು ಸೊನ್ನೆ. ಎಡಕ್ಕೂ ಬಲಕ್ಕೂ ವ್ಯತ್ಯಾಸ ಇರುವ ಕೋರಸ್, ಡಿಲೇ, ರಿವರ್ಬ್ ಮಾತ್ರ ಉಳಿಯುತ್ತವೆ. ನೀವು ಕೇಳಿದ್ದು ಸರಿಯಾಗಿ ಅದನ್ನೇ.

ನಿಮಗೆ ಬೇಕಾದದ್ದು ವೈ ಕೇಬಲ್. ಒಂದು ಕಡೆ ಸ್ಟೀರಿಯೋ ಪಿನ್, ಇನ್ನೊಂದು ಕಡೆ ಎರಡು ಮೋನೋ ಪಿನ್. ಮುಂಬೈನ ಲ್ಯಾಮಿಂಗ್ಟನ್ ರೋಡ್‌ನಲ್ಲಿ ಸಿಗುತ್ತದೆ. ಪಿ-38 ಪಿನ್ ಅಂತ ಕೇಳಿ, ದೊಡ್ಡ ಕಾಲಿಂಚಿನ ಪಿನ್ನೇ ಕೊಡುತ್ತಾರೆ. ಬೆಸುಗೆ ಹಾಕಲು ಬಂದರೆ ಮನೆಯಲ್ಲೇ ಮಾಡಿಕೊಳ್ಳಿ: ತುದಿಯಿಂದ ಒಂದು ಮೋನೋ ಪಿನ್‌ನ ತುದಿಗೆ, ಉಂಗುರದಿಂದ ಇನ್ನೊಂದರ ತುದಿಗೆ, ಬುಡದಿಂದ ಎರಡರ ಬುಡಕ್ಕೂ. ಶೀಲ್ಡ್ ಇರುವ ತಂತಿಯನ್ನೇ ಬಳಸಿ, ಒಂದೆರಡು ಮೀಟರ್‌ಗಿಂತ ಉದ್ದ ಬೇಡ. ಎಡದ ಪಿನ್ ಇನ್‌ಪುಟ್ 1ಕ್ಕೆ, ಬಲದ್ದು ಇನ್‌ಪುಟ್ 2ಕ್ಕೆ.

ಇನ್‌ಸ್ಟ್ರುಮೆಂಟ್ ಬಟನ್ ಎರಡರಲ್ಲೂ ಆಫ್ ಇರಲಿ. ಆ ಬಟನ್ ಇರುವುದು ಗಿಟಾರ್ ನೇರವಾಗಿ ಬಂದಾಗ. ಗಿಟಾರಿನ ಪಿಕಪ್ (ತಂತಿಯ ಕಂಪನವನ್ನು ಸಿಗ್ನಲ್ ಮಾಡುವ ಭಾಗ) ಬಹಳ ಕಡಿಮೆ ಬಲದ್ದು. ಲೈನ್ ಇನ್‌ಪುಟ್‌ಗೆ ಹಾಕಿದರೆ ಅದರ ಮೇಲೆ ಹೊರೆ ಬಿದ್ದು ಮೇಲಿನ ಸ್ವರಗಳ ಹೊಳಪು ಸಾಯುತ್ತದೆ. ಅದಕ್ಕೆ ಸುಮಾರು 10 ಲಕ್ಷ ಓಮ್‌ನಷ್ಟು ಇಂಪೀಡೆನ್ಸ್ (ಕರೆಂಟಿಗೆ ಒಡ್ಡುವ ತಡೆ) ಇರುವ ಇನ್‌ಪುಟ್ ಬೇಕು. ನಿಮ್ಮಲ್ಲಿ ಗಿಟಾರ್ ಮೊದಲು ಪೆಡಲ್‌ಗೆ ಹೋಗುತ್ತದೆ, ಆ ಹೊರೆಯನ್ನು ಪೆಡಲ್ ನೋಡಿಕೊಂಡಾಗಿದೆ. ಅದರಿಂದ ಹೊರಬರುವ ಸಿಗ್ನಲ್‌ಗೆ ಲೈನ್ ಇನ್‌ಪುಟ್ ಧಾರಾಳ ಸಾಕು.

ಈಗ ಗೇನ್, ಅಂದರೆ ಒಳಬರುವ ಸಿಗ್ನಲನ್ನು ಎಷ್ಟು ಏರಿಸಬೇಕು ಅನ್ನುವುದು. ಹೆಚ್ಚಿನವರು ಇದನ್ನು ಕಣ್ಣಂದಾಜಿಗೆ ಬಿಡುತ್ತಾರೆ, ಸ್ಟೀರಿಯೋ ಕೆಡುವುದು ಇಲ್ಲೇ. ಎರಡು ಗುಬುಟು ಒಂದೇ ಗೆರೆಯಲ್ಲಿದ್ದ ಮಾತ್ರಕ್ಕೆ ಮಟ್ಟ ಸಮ ಇರುತ್ತದೆ ಅಂತೇನಿಲ್ಲ. ಪೆಡಲ್‌ನ ಎಲ್ಲ ಎಫೆಕ್ಟ್ ಆಫ್ ಮಾಡಿ. ಈಗ ಎರಡೂ ಬದಿಯಲ್ಲಿ ಒಂದೇ ಸಿಗ್ನಲ್ ಇರುತ್ತದೆ. ರೀಪರ್‌ನಲ್ಲಿ ಎರಡು ಮೋನೋ ಟ್ರ್ಯಾಕ್ ತೆಗೆಯಿರಿ, ಒಂದಕ್ಕೆ ಇನ್‌ಪುಟ್ 1, ಇನ್ನೊಂದಕ್ಕೆ ಇನ್‌ಪುಟ್ 2. ಎರಡನ್ನೂ ನಡುವಿನಲ್ಲೇ ಇಟ್ಟು, ಒಂದು ಟ್ರ್ಯಾಕ್‌ನ ಫೇಸ್ ಬಟನ್ ಒತ್ತಿ, ಅದು ಸಿಗ್ನಲನ್ನು ಉಲ್ಟಾ ಮಾಡುತ್ತದೆ. ರೀಪರ್ ಮೂಲಕ ಕೇಳಿಸುವ ಇನ್‌ಪುಟ್ ಮಾನಿಟರಿಂಗ್ ಆನ್ ಮಾಡಿ, ಲ್ಯಾಪ್‌ಟಾಪ್‌ಗೆ ಹೋಗದೆ ನೇರ ಕೇಳಿಸುವ ಇಂಟರ್‌ಫೇಸ್‌ನ ಡೈರೆಕ್ಟ್ ಮಾನಿಟರ್ ಆಫ್ ಮಾಡಿ. ಒಂದು ತಂತಿ ಮೀಟುತ್ತಾ ಒಂದು ಗೇನ್ ಗುಬುಟನ್ನು ನಿಧಾನಕ್ಕೆ ತಿರುಗಿಸಿ. ಎರಡೂ ಸಮವಾದ ಕಡೆ ಸದ್ದು ಅಡಗಿಹೋಗುತ್ತದೆ. ನಿಮ್ಮ ಸ್ವರವನ್ನು ಮಾಯ ಮಾಡಿದ ಕಳೆಯುವ ಲೆಕ್ಕವನ್ನೇ ಇಲ್ಲಿ ಅಳತೆಗೆ ಬಳಸುತ್ತಿದ್ದೇವೆ. ಸಮವಾದ ಮೇಲೆ ಗುಬುಟು ಮುಟ್ಟಬೇಡಿ. ಫೇಸ್ ಬಟನ್ ತೆಗೆದು, ಒಂದು ಟ್ರ್ಯಾಕ್ ಪೂರ್ತಿ ಎಡಕ್ಕೆ, ಇನ್ನೊಂದು ಪೂರ್ತಿ ಬಲಕ್ಕೆ. ಮಟ್ಟವನ್ನು ಸಮ ಮಾಡುವ ಮೊದಲೇ ನೋಡಿಕೊಳ್ಳಿ: ಜೋರಾಗಿ ಮೀಟಿದಾಗ ಮೀಟರ್ ಮೈನಸ್ 12ರ ಆಸುಪಾಸು ಬಂದರೆ ಸಾಕು. 24 ಬಿಟ್‌ನಲ್ಲಿ ಅದಕ್ಕಿಂತ ಜಾಸ್ತಿ ಏರಿಸಿ ಸಿಗುವುದೇನೂ ಇಲ್ಲ.

ರೆಕಾರ್ಡ್ ಮಾಡುವಾಗ ಡೈರೆಕ್ಟ್ ಮಾನಿಟರ್ ಮತ್ತೆ ಆನ್ ಮಾಡಿ, ರೀಪರ್‌ನ ಮಾನಿಟರಿಂಗ್ ಆಫ್ ಮಾಡಿ. ಮೂರನೇ ಜನರೇಶನ್ 2ಐ2ರಲ್ಲಿ ಡೈರೆಕ್ಟ್ ಮಾನಿಟರ್‌ಗೆ ಮೋನೋ, ಸ್ಟೀರಿಯೋ ಎರಡೂ ಇವೆ. ಸ್ಟೀರಿಯೋದಲ್ಲಿ ಇಡಿ. ಮೋನೋದಲ್ಲಿದ್ದರೆ ಎರಡು ಇನ್‌ಪುಟ್ಟೂ ಎರಡೂ ಕಿವಿಗೆ ಬರುತ್ತವೆ. ಸರಿಯಾಗಿ ರೆಕಾರ್ಡ್ ಆಗುತ್ತಿದ್ದರೂ ಹರವು ಇಲ್ಲ ಅಂತ ಅನಿಸುತ್ತದೆ.

ಪುಣೆಯವರ ಮಾತಿಗೆ ಬರುತ್ತೇನೆ. ಎಫೆಕ್ಟ್ ಇಲ್ಲದೆ ರೆಕಾರ್ಡ್ ಮಾಡುವುದು ಒಳ್ಳೆಯ ದಾರಿ, ಮೆಟಲ್ ರಿದಮ್‌ಗೆ ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ಇವರು ಡಿಲೇ ಕೇಳಿಕೊಂಡು ನುಡಿಸುವವರು. ಮರುದನಿ ಎಲ್ಲಿ ಬೀಳುತ್ತದೆ ಅಂತ ನೋಡಿ ಮುಂದಿನ ಸ್ವರವನ್ನು ಹಿಡಿದಿಡುವುದು, ಬಿಡುವುದು. ದಾಸರ ಪದದ ಹಿಂದೆ ನುಡಿಸುವಾಗ ಆ ಬಿಡುವೇ ಮುಖ್ಯ, ಅಲ್ವಾ? ಒಣ ಸದ್ದು, ಅಂದರೆ ಎಫೆಕ್ಟ್ ಇಲ್ಲದ್ದು, ಕೇಳುತ್ತಾ ನುಡಿಸಿದರೆ ಕೈ ಖಾಲಿ ಜಾಗವನ್ನೆಲ್ಲ ತುಂಬಿಬಿಡುತ್ತದೆ. ಆಮೇಲೆ ಡಿಲೇ ಹಾಕಿದರೆ ಎಲ್ಲ ಕಲಸಿಹೋಗುತ್ತದೆ. ಪ್ಲಗಿನ್ ಹಾಕಿಕೊಂಡೇ ಕೇಳುತ್ತಾ ನುಡಿಸಬಹುದು, ನಿಜ. ಆಗ ಬಫರ್ (ಲ್ಯಾಪ್‌ಟಾಪ್ ಒಂದು ಸಲಕ್ಕೆ ಕೂಡಿಟ್ಟು ಸಂಸ್ಕರಿಸುವ ಸದ್ದಿನ ತುಣುಕು) ಇಳಿಸಬೇಕು. 48 ಕಿಲೋಹರ್ಟ್ಸ್‌ನಲ್ಲಿ 512 ಸ್ಯಾಂಪಲ್ ಬಫರ್ ಅಂದರೆ ಒಂದು ಬಾರಿಗೇ ಸುಮಾರು 10.7 ಮಿಲಿಸೆಕೆಂಡ್ ತಡ. ಒಳಹೋಗಿ ಹೊರಬರುವಷ್ಟರಲ್ಲಿ ಅದರ ಎರಡರಷ್ಟು ದಾಟುತ್ತದೆ. 128ಕ್ಕೆ ಇಳಿಸಿದರೆ 2.7, ಆದರೆ ಹಳೆಯ ಲ್ಯಾಪ್‌ಟಾಪ್ ಪಟಪಟ ಅನ್ನಬಹುದು. ಎಫೆಕ್ಟ್ ಪೆಡಲ್‌ನಲ್ಲೇ ಇದ್ದರೆ ಈ ತಲೆನೋವೇ ಇಲ್ಲ.

15 ಮಿಲಿಸೆಕೆಂಡ್ ಕಾಪಿಯನ್ನು ಮಾತ್ರ ದಯವಿಟ್ಟು ಮಾಡಬೇಡಿ. ಹೆಡ್‌ಫೋನ್‌ನಲ್ಲಿ ಚಂದ ಕೇಳಿಸುತ್ತದೆ. ಒಂದೇ ಸದ್ದು ಅಷ್ಟು ಕಡಿಮೆ ಅಂತರದಲ್ಲಿ ಎರಡು ಸಲ ಬಂದರೆ ಕಿವಿ ಅದನ್ನು ಒಂದೇ ಸದ್ದು ಅಂತ ಹಿಡಿಯುತ್ತದೆ, ಮೊದಲು ಬಂದ ದಿಕ್ಕನ್ನೇ ನಂಬುತ್ತದೆ. ಹೆಲ್ಮುಟ್ ಹಾಸ್ 1949ರಲ್ಲಿ ಇದರ ಮೇಲೆ ಪ್ರಬಂಧ ಬರೆದರು, ಅವರ ಹೆಸರೇ ಇದಕ್ಕೆ ಉಳಿದಿದೆ. ಆದರೆ ನಿಮ್ಮ ಹಾಲ್‌ನಲ್ಲಿ ಆ ಎರಡೂ ಸೇರಿ ಒಂದೇ ಆಗುತ್ತವೆ. ಆಗ 33 ಹರ್ಟ್ಸ್‌ನಿಂದ ಶುರುವಾಗಿ ಪ್ರತಿ 67 ಹರ್ಟ್ಸ್‌ಗೆ ಒಂದು ಕಡೆ ಸದ್ದು ತನ್ನನ್ನೇ ಕಳೆದುಕೊಂಡು ಹಳ್ಳ ಬೀಳುತ್ತದೆ. ಗಿಟಾರ್ ಡಬ್ಬದೊಳಗಿನಿಂದ ಬಂದ ಹಾಗೆ ಕೇಳಿಸುತ್ತದೆ. ಅಗಲ ಬೇಕಿದ್ದರೆ ಅದೇ ಭಾಗವನ್ನು ಎರಡು ಸಲ ನುಡಿಸಿ ಎಡಬಲಕ್ಕೆ ಹಾಕಿ, ಅದು ಗಟ್ಟಿ.

ಹಾಲ್ ವಿಷಯ ಎತ್ತಿದ್ದಕ್ಕೆ ಕಾರಣ ಇದೆ. ಮಾಟುಂಗಾ, ಡೊಂಬಿವಲಿ ಕಡೆಯ ಸಭಾಂಗಣಗಳ ಕಾರ್ಯಕ್ರಮಕ್ಕೆ ನಾನು ಸೌಂಡ್ ನೋಡಿಕೊಳ್ಳುತ್ತೇನೆ. ಗಣಪತಿ ಪೆಂಡಾಲಿರಲಿ, ಸಂಘದ ಹಾಲಿರಲಿ, ಎಡಬಲದ ಸ್ಪೀಕರ್‌ಗೆ ಹೆಚ್ಚಾಗಿ ಒಂದೇ ಸಿಗ್ನಲ್ ಕೊಡುವುದು. ಎಡ ಗೋಡೆಯ ಹತ್ತಿರ ಕೂತ ಅಜ್ಜಿಗೆ ಬಲದ ಸ್ಪೀಕರ್ ಕೇಳಿಸುವುದೇ ಇಲ್ಲವಲ್ಲ. ಹಾಗಾಗಿ ರೀಪರ್‌ನ ಮಾಸ್ಟರ್‌ನಲ್ಲಿರುವ ಮೋನೋ ಬಟನ್ ಒತ್ತಿ ಕೇಳದೆ ಟ್ರ್ಯಾಕ್ ಮುಗಿಯಿತು ಅಂದುಕೊಳ್ಳಬೇಡಿ.

ಪುಣೆ_ಬೇಸ್

ಡಿಲೇ ಕೇಳಿಕೊಂಡು ನುಡಿಸುವ ಮಾತು ಒಪ್ಪಿದೆ. ಆದರೂ ಒಣ ಟ್ರ್ಯಾಕ್ ಒಂದು ಇಟ್ಟುಕೊಂಡರೆ ಒಳ್ಳೆಯದಲ್ವಾ?

ಮಾಟುಂಗಾ_ತಂತಿ

ಇದ್ದರೆ ಒಳ್ಳೆಯದೇ. ಆದರೆ ಸ್ಟೀರಿಯೋಗೆ ಎರಡು, ಒಣದಕ್ಕೆ ಒಂದು, ಒಟ್ಟು ಮೂರು ಇನ್‌ಪುಟ್ ಬೇಕು. 2ಐ2ರಲ್ಲಿ ಇರುವುದೇ ಎರಡು. ನಾಲ್ಕು ಇನ್‌ಪುಟ್‌ನ ಇಂಟರ್‌ಫೇಸ್ ಇರುವವರು ಖಂಡಿತ ಇಟ್ಟುಕೊಳ್ಳಲಿ.

ಮಡಗಾಂವ್_ಮಳೆ

ಎರಡು ಸಣ್ಣ ಮಾತು. ನಾನು ಧಾರವಾಡದವನು, ಈಗ ಗೋವಾದಲ್ಲಿ ಇದ್ದೇನೆ. ನಿಮ್ಮಲ್ಲೂ ಇಲ್ಲಿಯ ಹಾಗೇ ಸಮುದ್ರದ ಗಾಳಿ, ಮಳೆಗಾಲದಲ್ಲಿ ಜ್ಯಾಕ್ ಒಳಗೆ ಪಾಚಿ ಹಿಡಿದ ಹಾಗೆ ಹಸಿರು ಕೂರುತ್ತದೆ. ಒಂದು ಬದಿ ಆಗಾಗ ಕ್ಷೀಣವಾದರೆ ಗೇನ್ ತಿರುಗಿಸುವ ಮೊದಲು ಪಿನ್ ಒರೆಸಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ನಾಲ್ಕು ಸಲ ಹಾಕಿ ತೆಗೆಯಿರಿ.

ಗುಂಯ್ ಸದ್ದು ಬಂದರೆ ಲ್ಯಾಪ್‌ಟಾಪ್‌ನ ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆ ಒಮ್ಮೆ ನೋಡಿ. ಆಮೇಲೆ ಗಿಟಾರ್ ಹಿಡಿದು ಕೂತಲ್ಲೇ ಸ್ವಲ್ಪ ತಿರುಗಿ ನೋಡಿ. ತಿರುಗಿದಾಗ ಕಡಿಮೆ ಆದರೆ ಅದು ಪಿಕಪ್ ಹಿಡಿಯುತ್ತಿರುವ 50 ಹರ್ಟ್ಸ್ ಕರೆಂಟಿನ ಸದ್ದು. ಸ್ಟ್ರಾಟ್‌ನ ನಡುವಿನ ಪಿಕಪ್ ಉಲ್ಟಾ ಸುತ್ತಿನದಾಗಿದ್ದರೆ ಸೆಲೆಕ್ಟರ್‌ನ 2 ಮತ್ತು 4ನೇ ಜಾಗದಲ್ಲಿ ಅದು ಬಹಳ ಇಳಿಯುತ್ತದೆ. ಅರ್ಥಿಂಗ್ ಪಿನ್ ಕಿತ್ತುಹಾಕಿ ಗುಂಯ್ ನಿಲ್ಲಿಸುವವರಿದ್ದಾರೆ. ಅದನ್ನು ಯಾವತ್ತೂ ಮಾಡಬೇಡಿ. 230 ವೋಲ್ಟ್, ಕೈಯಲ್ಲಿ ಲೋಹದ ತಂತಿ.

ಡೊಂಬಿವಲಿ_ಆರುತಂತಿ

ಮಾಟುಂಗಾ ಸರ್, ವೈ ಕೇಬಲ್ ಬಂತು. ನಿಮ್ಮ ಫೇಸ್ ಉಪಾಯದಿಂದ ಗೇನ್ ಸಮ ಮಾಡಿದೆ, ಸದ್ದು ನಿಜವಾಗಿಯೂ ಅಡಗಿತು. ಬಲದ ಗುಬುಟು ಎಡಕ್ಕಿಂತ ಕಣ್ಣಿಗೆ ಕಾಣುವಷ್ಟು ಮುಂದಿದೆ! ಹೆಡ್‌ಫೋನ್‌ನಲ್ಲಿ ಈಗ ಪೆಡಲ್‌ನಲ್ಲಿ ಕೇಳಿಸಿದ ಹಾಗೇ ಇದೆ. ತಂಗಿಗೆ ತುಂಬಾ ಖುಷಿಯಾಯಿತು.

ಮಾಸ್ಟರ್ ಮೋನೋ ಒತ್ತಿದರೆ ಗಿಟಾರ್ ಇದೆ, ಪಿಂಗ್ ಪಾಂಗ್ ಇದೆ, ಆದರೆ ಕೋರಸ್ ಪೂರ್ತಿ ಹೋಗುತ್ತದೆ. ವೈ ಕೇಬಲ್‌ನ ಬೆಸುಗೆ ಉಲ್ಟಾ ಆಗಿರಬಹುದಾ?

ಮಾಟುಂಗಾ_ತಂತಿ

ಇಲ್ಲ, ಕೇಬಲ್ ಸರಿ ಇದೆ. ಒಂದು ಬದಿಯ ಸಿಗ್ನಲ್ ಉಲ್ಟಾ ಬರುತ್ತಿದ್ದರೆ ಮೋನೋ ಒತ್ತಿದಾಗ ಗಿಟಾರೇ ಹೋಗಬೇಕಿತ್ತು. ಕೋರಸ್ ಮಾತ್ರ ಹೋಗುತ್ತಿದೆ ಅಂದರೆ ಅದು ಆ ಎಫೆಕ್ಟ್‌ನ ರಚನೆ. ಕೆಲವು ಸ್ಟೀರಿಯೋ ಕೋರಸ್‌ಗಳು ಎಡಕ್ಕೆ ಮೂಲ ಸ್ವರದ ಜೊತೆ ಅಲುಗುವ ಸ್ವರವನ್ನು ಕೂಡಿಸುತ್ತವೆ, ಬಲಕ್ಕೆ ಮೂಲದಿಂದ ಅದನ್ನು ಕಳೆಯುತ್ತವೆ. ಅಗಲ ಚೆನ್ನಾಗಿ ಬರುತ್ತದೆ. ಎರಡನ್ನೂ ಸೇರಿಸಿದರೆ ಕೂಡಿದ್ದು ಕಳೆದದ್ದು ಸರಿಹೋಗಿ ಮೂಲ ಮಾತ್ರ ಉಳಿಯುತ್ತದೆ.

ಎಲ್ಲ ಕೋರಸ್ಸೂ ಹೀಗಲ್ಲ. 1975ರ ರೋಲ್ಯಾಂಡ್ ಜೆಸಿ-120 ಆಂಪ್‌ನಲ್ಲಿ 60 ವಾಟ್‌ನ ಎರಡು ಆಂಪ್, 12 ಇಂಚಿನ ಎರಡು ಸ್ಪೀಕರ್. ಕೋರಸ್ ಹಾಕಿದರೆ ಒಂದು ಸ್ಪೀಕರ್‌ನಲ್ಲಿ ಮೂಲ ಸ್ವರ, ಇನ್ನೊಂದರಲ್ಲಿ ಅಲುಗುವ ಸ್ವರ. ಎರಡೂ ಗಾಳಿಯಲ್ಲಿ ಬೆರೆಯುತ್ತವೆ. ಮರುವರ್ಷ ಅದೇ ಸರ್ಕ್ಯೂಟ್ ಬಾಸ್ ಸಿಇ-1 ಪೆಡಲ್ ಆಗಿ ಬಂತು. ಈ ಥರದ್ದನ್ನು ಮೋನೋ ಮಾಡಿದರೂ ಕೋರಸ್ ಉಳಿಯುತ್ತದೆ, ಬೆರೆಯುವುದು ಗಾಳಿಯ ಬದಲು ತಂತಿಯಲ್ಲಿ ಆಗುತ್ತದೆ ಅಷ್ಟೇ.

ನಿಮ್ಮ ಪೆಡಲ್‌ನಲ್ಲಿ ಕೋರಸ್‌ಗಳು ಹಲವು ಇರುತ್ತವೆ. ಒಂದೊಂದಾಗಿ ಹಾಕಿ ಮೋನೋ ಬಟನ್ ಒತ್ತಿ ನೋಡಿ, ಉಳಿಯುವುದನ್ನು ಆರಿಸಿ. ಯಾವುದೂ ಉಳಿಯದಿದ್ದರೆ ಮೋನೋ ಕೋರಸ್ ಇಟ್ಟುಕೊಳ್ಳಿ. ಅಗಲವನ್ನು ಡಿಲೇ, ರಿವರ್ಬ್ ನೋಡಿಕೊಳ್ಳುತ್ತವೆ.

ಇನ್ನೊಂದು. ಮೋನೋ ಮಾಡಿದಾಗ ನಡುವಿನಲ್ಲಿರುವ ತಂಗಿಯ ದನಿ ಮೇಲೇಳುತ್ತದೆ, ಅಂಚಿನಲ್ಲಿರುವ ಮರುದನಿಗಳು ಅದಕ್ಕೆ ಹೋಲಿಸಿದರೆ ಕೆಳಗಿಳಿಯುತ್ತವೆ. ಅವಳು ವೇದಿಕೆಯ ಮೇಲೆ ಹಾಡುವುದಾದರೂ, ಅಭ್ಯಾಸದ ರೆಕಾರ್ಡಿಂಗ್ ಒಂದನ್ನು ಜೊತೆಗಿಟ್ಟು ಮೋನೋದಲ್ಲೇ ಡಿಲೇಯ ಮಟ್ಟ ಸರಿಹೊಂದಿಸಿ. ಹಾಲ್‌ಗೆ ಆ ಮೋನೋ ಫೈಲನ್ನೇ ಕೊಡಿ. ಮನೆಯವರಿಗೆ ಕಳಿಸಲು ಸ್ಟೀರಿಯೋ ಫೈಲ್ ಬೇರೆ ಮಾಡಿ. ಎರಡರ ಹೆಸರಿನಲ್ಲೂ ಯಾವುದು ಯಾವುದು ಅಂತ ಬರೆದಿಡಿ, ಕಾರ್ಯಕ್ರಮದ ದಿನ ಪೆನ್ ಡ್ರೈವ್ ಬೇರೆಯವರ ಕೈಯಲ್ಲಿ ಇರುತ್ತದೆ.